ಐದು ಲೀಟರ್ ಆಕ್ಸಿಜನ್ ಕಾನ್ಸಂಟ್ರೇಟರ್ ರಿಪೇರಿ: ಹಳದಿ ದೀಪ ಉರಿದರೆ ಸೀವ್ ಬೆಡ್ಡಿಗೆ ಕೈ ಹಾಕುವುದು ಕೊನೆಗೆ

ಯಂತ್ರ: ಕೋಣೆಯ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ರೋಗಿಗೆ ನಿಮಿಷಕ್ಕೆ 5 ಲೀಟರ್ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್. 230 ವೋಲ್ಟ್, 50 ಹರ್ಟ್ಸ್, 350 ವ್ಯಾಟ್. ಗಂಟೆ ಮೀಟರಿನಲ್ಲಿ 14,310.

ದೂರು: ಆನ್ ಮಾಡಿ ಅರ್ಧ ಗಂಟೆ ಆಗುವಷ್ಟರಲ್ಲಿ ಹಳದಿ ದೀಪ (ಆಕ್ಸಿಜನ್ ಶುದ್ಧತೆ ಇಳಿದ ಸೂಚನೆ), ಆಮೇಲೆ ಬೀಪ್. ಜೊತೆಗೆ ಬಂದ ಚೀಟಿಯಲ್ಲಿ ‘ಸೀವ್ ಬೆಡ್ ಹೋಗಿದೆ, ಬದಲಿಸಿ’ ಎಂಬ ಷರಾ.

ಸೀವ್ ಬೆಡ್ ಎಂದರೆ ಗಾಳಿಯ ನೈಟ್ರೋಜನ್ ಹಿಡಿದಿಡುವ ಮಣಿಗಳು ತುಂಬಿದ ಡಬ್ಬಿ. ಆಕ್ಸಿಜನ್ ಶುದ್ಧತೆ ಇಳಿದಿದೆ ಎಂದು ಕಂಡ ಕೂಡಲೇ ಅದನ್ನು ಬದಲಿಸುವ ರೂಢಿ ಬಹಳ ಕಡೆ ಇದೆ. ಹೊಸ ಬೆಡ್ ಹಾಕಿದ ಮೇಲೆ ಯಂತ್ರ ಸರಿಯಾದಂತೆ ಕಾಣುತ್ತದೆ. ಕೆಲವೇ ತಿಂಗಳಲ್ಲಿ ಅದೇ ದೂರಿನೊಂದಿಗೆ ವಾಪಸ್ ಬರುತ್ತದೆ. ಬೆಡ್ ಹಾಳಾಗಲು ಕಾರಣವಾದ ದೋಷ ಒಳಗೇ ಉಳಿದಿರುತ್ತದೆ, ಅದು ಹೊಸ ಬೆಡ್ಡನ್ನೂ ತಿನ್ನುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಬೆಡ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಬೇಕಾದಷ್ಟು ಗಾಳಿ ಮಾತ್ರ ತಲುಪುತ್ತಿರುವುದಿಲ್ಲ. ಈ ಯಂತ್ರ ಎರಡನೇ ಜಾತಿಯದು.

ಯಂತ್ರ ಮುಟ್ಟುವ ಮೊದಲು ಒಂದು ವಿಷಯ. ಅದರ ಮೇಲೆ ಅವಲಂಬಿಸಿದ ರೋಗಿಗೆ ಬದಲಿ ಯಂತ್ರವೋ ಸಿಲಿಂಡರೋ ಸಿಕ್ಕಿದೆ ಎಂಬುದು ಖಾತ್ರಿಯಾದ ಮೇಲೆಯೇ ಪ್ಲಗ್ ಕೀಳಬೇಕು. ‘ಹತ್ತು ನಿಮಿಷದ ಕೆಲಸ’ ಎಂದುಕೊಂಡು ಕಿತ್ತ ಪ್ಲಗ್ ಎರಡು ಗಂಟೆ ಹೊರಗೇ ಉಳಿಯುವುದು ಈ ಕೆಲಸದಲ್ಲಿ ಮಾಮೂಲು. ಬಳಸಿದ ನೇಸಲ್ ಕ್ಯಾನುಲಾ (ಮೂಗಿಗೆ ಹಾಕುವ ಕೊಳವೆ) ಎಸೆಯಿರಿ. ಆಕ್ಸಿಜನ್ನಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಬಾಟಲನ್ನು ಬೇರ್ಪಡಿಸಿ. ಗ್ಲೌಸ್ ಹಾಕಿಕೊಂಡು ಹೊರಮೈಯನ್ನು ಸೋಂಕುನಿವಾರಕದಲ್ಲಿ ಒರೆಸಿದ ಮೇಲೆಯೇ ಬೆಂಚಿಗೆ ಏರಿಸಿ.

ಒಳಗೆ ನಡೆಯುವುದು

ಕೋಣೆಯ ಗಾಳಿಯಲ್ಲಿ ನೈಟ್ರೋಜನ್ ಶೇ. 78, ಆಕ್ಸಿಜನ್ ಶೇ. 21, ಆರ್ಗಾನ್ ಶೇ. 1ಕ್ಕೆ ಸ್ವಲ್ಪ ಕಡಿಮೆ. ಎಣ್ಣೆಯಿಲ್ಲದ ಎರಡು ಹೆಡ್ಡಿನ ಕಂಪ್ರೆಸರ್ ಈ ಗಾಳಿಯನ್ನು ಒತ್ತಿ, ಫ್ಯಾನಿನ ಎದುರಿರುವ ಕೂಲಿಂಗ್ ಕಾಯಿಲ್ ಮೂಲಕ ವಾಲ್ವ್ ಬ್ಲಾಕಿಗೆ ಕಳಿಸುತ್ತದೆ. ವಾಲ್ವ್ ಅದನ್ನು ಒಮ್ಮೆ ಎಡ ಬೆಡ್ಡಿಗೆ, ಒಮ್ಮೆ ಬಲ ಬೆಡ್ಡಿಗೆ ತಿರುಗಿಸುತ್ತದೆ. ಬೆಡ್ಡಿನಲ್ಲಿರುವ ಜಿಯೋಲೈಟ್ ಮಣಿಗಳು ಒತ್ತಡದಲ್ಲಿ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ನನ್ನು ಮುಂದೆ ಬಿಡುತ್ತವೆ. ಒಂದು ಬೆಡ್ ಹಿಡಿಯುತ್ತಿರುವಾಗ ಇನ್ನೊಂದು ಬೆಡ್ಡಿನ ಒತ್ತಡ ಇಳಿದು, ಹಿಡಿದ ನೈಟ್ರೋಜನ್ ಸದ್ದು ತಗ್ಗಿಸುವ ಮಫ್ಲರ್ ಮೂಲಕ ‘ಪುಸ್ಸ್’ ಎಂದು ಹೊರಬೀಳುತ್ತದೆ. ತಯಾರಾದ ಆಕ್ಸಿಜನ್ನಿನ ಒಂದು ಪಾಲು ಸಣ್ಣ ರಂಧ್ರದ ಮೂಲಕ ಈ ಖಾಲಿಯಾಗುವ ಬೆಡ್ಡನ್ನು ತೊಳೆಯಲು ಹೋಗುತ್ತದೆ. ಉಳಿದದ್ದು ಪ್ರಾಡಕ್ಟ್ ಟ್ಯಾಂಕ್, ರೆಗ್ಯುಲೇಟರ್, ಫ್ಲೋಮೀಟರ್, ಬ್ಯಾಕ್ಟೀರಿಯಾ ಫಿಲ್ಟರ್ ದಾಟಿ ಹೊರಬರುತ್ತದೆ. ಜಿಯೋಲೈಟ್ ಆರ್ಗಾನನ್ನು ಬೇರ್ಪಡಿಸಲಾರದು. ಅದಕ್ಕೇ ಎಷ್ಟೇ ಹೊಸ ಯಂತ್ರವಾದರೂ ಶೇ. 95–96ಕ್ಕಿಂತ ಮೇಲೆ ಹೋಗುವುದಿಲ್ಲ. ಶುದ್ಧತೆ ಅಳೆಯುವ ನಿಮ್ಮ ಅನಲೈಜರ್ 98 ತೋರಿಸಿದರೆ ಮೊದಲು ಅನಲೈಜರನ್ನೇ ಅನುಮಾನಿಸಿ.

ಈ ಚಕ್ರದಲ್ಲಿ ಬೇಕಾದದ್ದು ಮೂರು: ಸಾಕಷ್ಟು ಒತ್ತಡ, ಎರಡು ಬೆಡ್ಡಿಗೂ ಸಮನಾದ ಸರದಿ, ಒಣಗಿದ ತಂಪಾದ ಗಾಳಿ. ಒಂದು ತಪ್ಪಿದರೂ ಹಳದಿ ದೀಪ ಹತ್ತುತ್ತದೆ. ಆ ದೀಪ ಶುದ್ಧತೆ ಇಳಿದಿದೆ ಎಂದಷ್ಟೇ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ.

ಕವರ್ ಬಿಚ್ಚುವ ಮೊದಲಿನ ಅಳತೆಗಳು

ಅನಲೈಜರನ್ನು ಇದೇ ಬೆಂಚಿನಲ್ಲಿ ಮೊದಲು ಕೋಣೆಯ ಗಾಳಿಗೆ 20.9, ಆಮೇಲೆ ಸಿಲಿಂಡರ್ ಆಕ್ಸಿಜನ್ನಿಗೆ 100 ಎಂದು ಕ್ಯಾಲಿಬ್ರೇಟ್ ಮಾಡಬೇಕು. ಗ್ಯಾಲ್ವನಿಕ್ ಸೆಲ್ ಇರುವ ಅನಲೈಜರ್ ನಿಜದಲ್ಲಿ ಅಳೆಯುವುದು ಆಕ್ಸಿಜನ್ನಿನ ಭಾಗಶಃ ಒತ್ತಡವನ್ನು. ಬೇರೆ ಎತ್ತರದ ಊರಿನಲ್ಲಿ ಮಾಡಿದ ಕ್ಯಾಲಿಬ್ರೇಷನ್ ಇಲ್ಲಿಗೆ ಸಲ್ಲದು. ಹ್ಯುಮಿಡಿಫೈಯರ್ ಬಾಟಲ್ ತೆಗೆದು, ಒಣ ಅನಿಲವನ್ನೇ ಅಳೆಯಿರಿ. ಬಾಟಲಿನ ಮುಚ್ಚಳದ ಎಳೆ ತಪ್ಪಿ ಸೋರುವುದು ಇನ್ನೊಂದು ತಲೆನೋವು, ಅದನ್ನೂ ಲೆಕ್ಕದಿಂದ ಹೊರಗಿಟ್ಟಂತಾಗುತ್ತದೆ.

ಯಂತ್ರವನ್ನು 30 ನಿಮಿಷ ಓಡಿಸಿ, ಪ್ರತಿ ಹರಿವಿನಲ್ಲೂ 10 ನಿಮಿಷ ಕಾದು ಬರೆದುಕೊಂಡ ಶುದ್ಧತೆ (ಶೇಕಡಾ) ಇದು.

1 ಲೀಟರ್: 94.1
2 ಲೀಟರ್: 92.6
3 ಲೀಟರ್: 87.9
4 ಲೀಟರ್: 81.0
5 ಲೀಟರ್: 73.8

ಐದೂ ಸಾಲು ಬರೆಯಲೇಬೇಕು. 5 ಲೀಟರಿನ ಒಂದೇ ಅಂಕಿಯಿಂದ ಏನೂ ತಿಳಿಯುವುದಿಲ್ಲ. 1 ಲೀಟರಿನಲ್ಲೇ 60, 70 ಬಂದರೆ ದೊಡ್ಡ ದೋಷ: ವಾಲ್ವ್ ಒಂದೇ ಕಡೆ ನಿಂತಿದೆ, ದೊಡ್ಡ ಸೋರಿಕೆ ಇದೆ, ಇಲ್ಲವೇ ಬೆಡ್ ನಿಜಕ್ಕೂ ಸತ್ತಿದೆ. ಇಲ್ಲಿ ಹಾಗಲ್ಲ. ಕಡಿಮೆ ಹರಿವಿನಲ್ಲಿ 94 ಬರುತ್ತಿದೆ ಎಂದರೆ ಜಿಯೋಲೈಟಿಗೆ ಇನ್ನೂ ಜೀವ ಇದೆ. ಹರಿವು ಹೆಚ್ಚಿದಂತೆ ಕುಸಿಯುತ್ತಿರುವುದು ಸಾಮರ್ಥ್ಯ, ಅಂದರೆ ಒಳಗೆ ಹೋಗುವ ಗಾಳಿಯ ಮೊತ್ತ, ಒತ್ತಡ ಅಥವಾ ಸರದಿ. ಬೆಡ್ ಸ್ವಲ್ಪ ತೇವ ಹಿಡಿದಿದ್ದರೂ ಸಾಲು ಹೀಗೇ ಇಳಿಯುತ್ತದೆ ಎಂಬುದು ನಿಜ. ಆದರೆ ಅದನ್ನು ತೀರ್ಮಾನಿಸುವುದು ಉಳಿದದ್ದನ್ನೆಲ್ಲ ಸರಿಪಡಿಸಿದ ಮೇಲೆ.

ಯಂತ್ರದ ಒಳಗಿನ ಸೆನ್ಸರ್ ತಪ್ಪು ಹೇಳಿ ದೀಪ ಹತ್ತಿಸುವುದೂ ಉಂಟು. ಹೊರಗಿನ ಅನಲೈಜರ್ 93 ಎನ್ನುತ್ತಿದ್ದು ದೀಪ ಹಳದಿಯಾಗಿದ್ದರೆ ಕೆಲಸ ಬೋರ್ಡಿನ ಕಡೆಗೆ ತಿರುಗುತ್ತದೆ. ಇಲ್ಲಿ ಎರಡೂ ಒಂದೇ ಮಾತು ಹೇಳುತ್ತಿವೆ.

ಫ್ಲೋಮೀಟರ್ 5ಕ್ಕೆ ಇಟ್ಟಾಗ ಹೊರಗಿನ ಮೀಟರಿನಲ್ಲಿ 4.9. ಹರಿವಿನ ಅಳತೆ ಸರಿ. ಇದನ್ನು ನೋಡದೆ ಬಿಟ್ಟರೆ, ರೆಗ್ಯುಲೇಟರ್ ಮೇಲೇರಿ 7 ಲೀಟರ್ ಹೊರಬಿಡುತ್ತಿರುವ ಯಂತ್ರದಲ್ಲಿ ಶುದ್ಧತೆ ಯಾಕೆ ಇಲ್ಲ ಎಂದು ದಿನವಿಡೀ ಹುಡುಕಬೇಕಾಗುತ್ತದೆ.

ಕೊನೆಯದಾಗಿ ಕಿವಿಯಿಂದ ಮಾಡುವ ಪರೀಕ್ಷೆ. ಯಂತ್ರದ ಹಿಂದೆ ಬಗ್ಗಿ, ಮಫ್ಲರಿನ ಉಸಿರನ್ನು ಹತ್ತು ಸಲ ಎಣಿಸಿ. ಆರೋಗ್ಯವಂತ ಯಂತ್ರದಲ್ಲಿ ಎರಡು ಕಡೆಯ ‘ಪುಸ್ಸ್’ ಒಂದೇ ಉದ್ದ, ಒಂದೇ ಜೋರು. ಇದರಲ್ಲಿ ಒಂದು ಗಟ್ಟಿಯಾಗಿ ‘ಪುಸ್ಸ್’ ಎಂದು ತುಂಡಾದರೆ, ಮುಂದಿನದು ಮೆತ್ತಗೆ ಶುರುವಾಗಿ ಎಳೆದುಕೊಂಡು ಹೋಗುತ್ತಿತ್ತು. ಇದನ್ನು ಬರೆದಿಟ್ಟುಕೊಳ್ಳಿ, ಉತ್ತರ ಕೊನೆಯ ಹೊತ್ತಿಗೆ ಸಿಗುತ್ತದೆ.

ಫಿಲ್ಟರ್, ಮಫ್ಲರ್

ಹೊರಗಿನ ಸ್ಪಂಜ್ ಫಿಲ್ಟರ್ ದೂಳಿನಿಂದ ಕಂಬಳಿಯಂತಾಗಿತ್ತು. ಸೋಪಿನ ಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಮೇಲೆ ಹಾಕಿ. ಹಸಿ ಫಿಲ್ಟರ್ ಹಾಕಿದರೆ ಆ ನೀರು ಬೆಡ್ಡಿಗೇ ಹೋಗುತ್ತದೆ. ಒಳಗಿನ ಇನ್‌ಟೇಕ್ ಫಿಲ್ಟರನ್ನು ತೊಳೆಯುವುದಿಲ್ಲ, ಬದಲಿಸುವುದು. ಮಫ್ಲರನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತಟ್ಟಿದಾಗ ಕರಿ ಪುಡಿ ಬಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೀಳುವ ಪುಡಿ ಬಿಳಿಯಾಗಿದ್ದರೆ ಅದು ಜಿಯೋಲೈಟ್. ಬೆಡ್ಡಿನ ಒಳಗಿನ ಸ್ಪ್ರಿಂಗ್ ಸಡಿಲವಾಗಿ ಮಣಿಗಳು ಒಂದಕ್ಕೊಂದು ತಿಕ್ಕಿ ಪುಡಿಯಾಗುತ್ತಿವೆ, ಆ ಬೆಡ್ಡನ್ನು ಉಳಿಸಿಕೊಳ್ಳಲಾಗದು. ಕರಿ ಅಥವಾ ಕಡು ಬೂದು ಬಣ್ಣದ, ಬೆರಳಿಗೆ ನುಣ್ಣಗೆ ಜಾರುವ ಪುಡಿ ಕಂಪ್ರೆಸರಿನ ಕಪ್ ಸೀಲ್ (ಪಿಸ್ಟನ್ನಿನ ಸುತ್ತ ಗಾಳಿ ಸೋರದಂತೆ ತಡೆಯುವ ತೆಳು ಭಾಗ) ಸವೆದದ್ದು. ಬೆರಳುಗಳ ನಡುವೆ ಉಜ್ಜಿ ನೋಡಿ: ಜಿಯೋಲೈಟ್ ಸುಣ್ಣದ ಪುಡಿಯಂತೆ ಒರಟು, ಕಪ್ ಸೀಲಿನ ಪುಡಿ ಪೆನ್ಸಿಲ್ ಸೀಸದಂತೆ ಮೆತ್ತಿಕೊಳ್ಳುತ್ತದೆ. ಇಲ್ಲಿ ಮೆತ್ತಿಕೊಂಡಿತು. ಅಲ್ಲಿಗೆ ಕಂಪ್ರೆಸರ್ ಬಿಚ್ಚುವುದು ಖಾಯಂ ಆಯಿತು, ಚೀಟಿಯ ಷರಾದ ಮೇಲಿನ ನಂಬಿಕೆಯೂ ಹೋಯಿತು.

ಫಿಲ್ಟರ್ ಮತ್ತು ಮಫ್ಲರ್ ಹೊಸದು ಹಾಕಿದ ಮೇಲೆ 5 ಲೀಟರಿನಲ್ಲಿ 75.2. ಏರಿದ್ದು ಬರೀ 1.4. ಮಫ್ಲರ್ ಪೂರ್ತಿ ಕಟ್ಟಿಕೊಂಡಿದ್ದ ಯಂತ್ರದಲ್ಲಿ ಇದೊಂದೇ ಕೆಲಸ ಸಾಕಾಗುತ್ತದೆ. ನೈಟ್ರೋಜನ್ ಹೊರಹೋಗದಿದ್ದರೆ ಬೆಡ್ ಖಾಲಿಯೇ ಆಗುವುದಿಲ್ಲವಲ್ಲ.

ಕೆಪಾಸಿಟರ್

ಕಂಪ್ರೆಸರಿನ ರನ್ ಕೆಪಾಸಿಟರ್ ಮೇಲೆ 16 ಮೈಕ್ರೋಫ್ಯಾರಡ್, 450 ವೋಲ್ಟ್ ಎಸಿ ಎಂದಿದೆ. ಇದನ್ನು ಬಿಚ್ಚದೆಯೇ ಓಡುತ್ತಿರುವಾಗ ಅಳೆಯಬಹುದು. ಕೆಪಾಸಿಟರಿಗೆ ಹೋಗುವ ಒಂದು ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ, ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಿ. 50 ಹರ್ಟ್ಸಿನಲ್ಲಿ ಆಂಪಿಯರನ್ನು 3183ರಿಂದ ಗುಣಿಸಿ ವೋಲ್ಟಿನಿಂದ ಭಾಗಿಸಿದರೆ ಬರುವುದೇ ಮೈಕ್ರೋಫ್ಯಾರಡ್. 60 ಹರ್ಟ್ಸ್ ಆದರೆ 2652. ಇಲ್ಲಿ ಸಿಕ್ಕಿದ್ದು 1.02 ಆಂಪಿಯರ್, 290 ವೋಲ್ಟ್, ಅಂದರೆ 11.2 ಮೈಕ್ರೋಫ್ಯಾರಡ್. ಗಮನಿಸಿ, ಕೆಪಾಸಿಟರಿನ ತುದಿಗಳಲ್ಲಿ ಮೇನ್ಸಿಗಿಂತ ಹೆಚ್ಚು ವೋಲ್ಟೇಜ್ ಇರುತ್ತದೆ. ಪ್ರೋಬುಗಳನ್ನು ವಿದ್ಯುತ್ ಆಫ್ ಇರುವಾಗಲೇ ಕ್ಲಿಪ್ಪಿನಿಂದ ಸಿಕ್ಕಿಸಿ, ಆಮೇಲೆ ಆನ್ ಮಾಡಿ.

ಗುರುತಿಸಿದ ಮೌಲ್ಯದ ಶೇ. 30 ಹೋಗಿಬಿಟ್ಟಿದೆ. ಇಂಥ ಕೆಪಾಸಿಟರಿನೊಂದಿಗೆ ಮೋಟರ್ ತಿರುಗುತ್ತದೆ, ಸದ್ದೂ ಸರಿಯಾಗಿಯೇ ಇರುತ್ತದೆ. ಆದರೆ ಭಾರ ಬಿದ್ದಾಗ ವೇಗ ಇಳಿಯುತ್ತದೆ, ಮೈ ಬಿಸಿಯಾಗುತ್ತದೆ. ಒಳಗೆ ಒತ್ತಡ ಉಳಿದಿರುವಾಗ ಮತ್ತೆ ಆನ್ ಮಾಡಿದರೆ ಗುಂಯ್‌ಗುಟ್ಟಿ ನಿಂತುಬಿಡುವುದೂ ಉಂಟು.

ಪ್ಲಗ್ ಕಿತ್ತು, 10 ಕಿಲೋ ಓಮ್ ರೆಸಿಸ್ಟರಿನಿಂದ ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆ ಬಿಚ್ಚಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಶಾರ್ಟ್ ಮಾಡುವ ಅಭ್ಯಾಸ ಬೇಡ. ಅದೇ ಮೈಕ್ರೋಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟೇಜಿನ ಮೋಟರ್ ರನ್ ಕೆಪಾಸಿಟರ್ ಹಾಕಿ. ಕೈಗೆ ಸಿಕ್ಕಿತೆಂದು 20 ಹಾಕಿದರೆ ಸಹಾಯಕ ವೈಂಡಿಂಗಿನಲ್ಲಿ ಕರೆಂಟ್ ಹೆಚ್ಚಿ ಮೋಟರ್ ಬಿಸಿಯಾಗುತ್ತದೆ.

ಫಲಿತಾಂಶ, 5 ಲೀಟರಿನಲ್ಲಿ: 79.6.

ಒತ್ತಡ ಮತ್ತು ಸೋರಿಕೆ

ಪ್ರಾಡಕ್ಟ್ ಟ್ಯಾಂಕಿನ ಟೆಸ್ಟ್ ಪೋರ್ಟಿಗೆ 0–30 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಗೇಜ್ ಹಾಕಿದಾಗ ಮುಳ್ಳು ಒಂದು ಸರದಿಯಲ್ಲಿ 18ಕ್ಕೆ ಏರಿತು, ಮುಂದಿನ ಸರದಿಯಲ್ಲಿ 14.5ಕ್ಕೇ ನಿಂತಿತು. ಈ ಮಾದರಿಯ ಸರ್ವಿಸ್ ಮ್ಯಾನುವಲ್ ಪ್ರಕಾರ ಎರಡೂ ಕಡೆ 21ರ ಆಸುಪಾಸು ಬರಬೇಕು. ನಿಮ್ಮ ಯಂತ್ರಕ್ಕೆ ಅದರ ಮ್ಯಾನುವಲಿನ ಅಂಕಿಯನ್ನೇ ಹಿಡಿಯಿರಿ, ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ. ಮುಳ್ಳು ಎರಡು ವಿಷಯ ಹೇಳಿತು: ಒಟ್ಟಾರೆ ಒತ್ತಡ ಕಡಿಮೆ, ಜೊತೆಗೆ ಎಡಬಲ ಸಮ ಇಲ್ಲ. ಕಿವಿಗೆ ಕೇಳಿದ್ದೂ ಅದೇ.

ಸೋರಿಕೆ ಹುಡುಕಲು ಸೋಪಿನ ನೊರೆ ಮತ್ತು ಸಣ್ಣ ಬ್ರಶ್ ಸಾಕು. ಎಲೆಕ್ಟ್ರಿಕಲ್ ಭಾಗಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ. ಯಂತ್ರ ಓಡುತ್ತಿರುವಾಗ ಪ್ರತಿ ಜೋಡಣೆಗೂ ನೊರೆ ಹಚ್ಚಿ, ಒಂದು ಪೂರ್ತಿ ಸರದಿ ಮುಗಿಯುವವರೆಗೆ ಕಾಯಿರಿ, ಏಕೆಂದರೆ ಒಂದು ಬೆಡ್ಡಿನ ಕಡೆ ಒತ್ತಡ ಇರುವುದು ಅದರ ಸರದಿಯಲ್ಲಿ ಮಾತ್ರ. ಕಂಪ್ರೆಸರಿನಿಂದ ಕಾಯಿಲಿಗೆ ಹೋಗುವ ಹೋಸ್ ಮೊದಲು ಸೋರುವ ಜಾಗ. ಅಲ್ಲಿ ಬಿಸಿ, ನಡುಕ ಎರಡೂ ಹೆಚ್ಚು. ರಬ್ಬರ್ ಗಟ್ಟಿಯಾಗಿ ಕ್ಲ್ಯಾಂಪಿನ ಅಡಿಯಲ್ಲೇ ಸೀಳುತ್ತದೆ. ಇಲ್ಲಿಯೂ ಅಲ್ಲೇ ಸಾಸಿವೆ ಕಾಳಿನಷ್ಟು ಗುಳ್ಳೆಗಳ ಸಾಲು ಎದ್ದಿತು. ಹೋಸನ್ನು ಕತ್ತರಿಸಿ ಮತ್ತೆ ಹಾಕುವ ಬದಲು ಹೊಸದನ್ನೇ ಹಾಕಿ. ಗಟ್ಟಿಯಾದ ರಬ್ಬರ್ ಇನ್ನೊಂದು ಕಡೆ ಸೀಳುವುದು ಖಚಿತ. ಕೆಲಸ ಮುಗಿದ ಮೇಲೆ ನೊರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಫಲಿತಾಂಶ: 81.0.

ಆಕ್ಸಿಜನ್ ಹಾದುಹೋಗುವ ದಾರಿಯಲ್ಲಿ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಬಳಸಬಾರದು. ಶೇ. 90ರ ಆಕ್ಸಿಜನ್ನಿನಲ್ಲಿ ಎಣ್ಣೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸ್ಕ್ರೂ ಎಳೆಗಳಿಗೆ ಆಕ್ಸಿಜನ್ ದರ್ಜೆಯ ಪಿಟಿಎಫ್‌ಇ (ಟೆಫ್ಲಾನ್) ಟೇಪ್, ಓ ರಿಂಗಿಗೆ ಮ್ಯಾನುವಲ್ ಹೇಳಿದ ಫ್ಲೋರಿನೇಟೆಡ್ ಗ್ರೀಸ್ ಮಾತ್ರ. ಕೈಗೆ ಎಣ್ಣೆ ಅಂಟಿದ್ದರೆ ತೊಳೆದುಕೊಂಡು ಬನ್ನಿ.

ಕಂಪ್ರೆಸರ್

ಈ ಕಂಪ್ರೆಸರಿನ ಪಿಸ್ಟನ್ನಿಗೆ ಗಜನ್ ಪಿನ್ (ರಾಡನ್ನು ಪಿಸ್ಟನ್ನಿಗೆ ಸೇರಿಸುವ ಪಿನ್) ಇಲ್ಲ. ರಾಡ್ ಮತ್ತು ಪಿಸ್ಟನ್ ಒಂದೇ ತುಂಡು. ಮೇಲೆ ಕೆಳಗೆ ಹೋಗುವಾಗ ಸ್ಲೀವಿನೊಳಗೆ (ಪಿಸ್ಟನ್ ಓಡುವ ಕೊಳವೆ) ಎಡಬಲಕ್ಕೆ ವಾಲುತ್ತದೆ. ಗಾಳಿ ಸೋರದಂತೆ ತಡೆಯುವುದು ಪಿಸ್ಟನ್ನಿನ ತಲೆಗೆ ಬಿಗಿದ ತೆಳು ಕಪ್ ಸೀಲ್. ಎಣ್ಣೆಯಿಲ್ಲದೆ ಸ್ಲೀವಿಗೆ ಉಜ್ಜಿಕೊಂಡೇ ಓಡುವುದರಿಂದ ಸಾವಿರಾರು ಗಂಟೆಗಳಲ್ಲಿ ಅದು ಸವೆಯಲೇಬೇಕು. ಆ ಸವೆತವೇ ಕರಿ ಪುಡಿ.

ಮೊದಲು ಸಾಮರ್ಥ್ಯ ಅಳೆಯಿರಿ. ಕಂಪ್ರೆಸರಿನ ಔಟ್‌ಲೆಟ್ಟನ್ನು ಯಂತ್ರದಿಂದ ಬೇರ್ಪಡಿಸಿ ಗೇಜ್, ಅದರ ಮುಂದೆ ನೀಡಲ್ ವಾಲ್ವ್, ಅದರ ಮುಂದೆ ಹರಿವು ಅಳೆಯುವ ರೋಟಾಮೀಟರ್ ಜೋಡಿಸಿ. ರೋಟಾಮೀಟರ್ ನೀಡಲ್ ವಾಲ್ವಿನ ಆಚೆ, ಒತ್ತಡ ಇಲ್ಲದ ಕಡೆ ಇರಬೇಕು. ಒತ್ತಡದ ಕಡೆ ಇಟ್ಟರೆ ಓದು ತಪ್ಪುತ್ತದೆ. ವಾಲ್ವನ್ನು ನಿಧಾನ ಮುಚ್ಚುತ್ತ ಗೇಜ್ 20 ಪಿಎಸ್‌ಐ ತೋರಿಸುವಲ್ಲಿ ನಿಲ್ಲಿಸಿ. ಪೂರ್ತಿ ಮುಚ್ಚಬಾರದು. ಸಿಕ್ಕಿದ್ದು ನಿಮಿಷಕ್ಕೆ 44 ಲೀಟರ್. ಮ್ಯಾನುವಲಿನ ಕನಿಷ್ಠ ಮಿತಿ 60.

ಬಿಚ್ಚುವ ಮುನ್ನ ಎರಡೂ ಹೆಡ್ಡುಗಳ ಮೇಲೆ ಮಾರ್ಕರಿನಿಂದ ದಿಕ್ಕು ಮತ್ತು 1, 2 ಎಂದು ಗುರುತು ಹಾಕಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹೆಡ್ಡಿನ ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ, ಒಂದೊಂದನ್ನೂ ಕಾಲು ಸುತ್ತಿನಂತೆ ಸಡಿಲಿಸಿ. ಹೆಡ್ ಎತ್ತಿದಾಗ ವಾಲ್ವ್ ಪ್ಲೇಟ್, ಅದರ ಮೇಲಿನ ತೆಳು ಉಕ್ಕಿನ ರೀಡ್ (ಗಾಳಿಯನ್ನು ಒಂದೇ ಕಡೆಗೆ ಬಿಡುವ ಪಟ್ಟಿ) ಕಾಣುತ್ತವೆ. ರೀಡನ್ನು ಬೆಳಕಿಗೆ ಅಡ್ಡ ಹಿಡಿದು ಸೀಳು, ಬಾಗು ನೋಡಿ. ಇದರಲ್ಲಿ ಒಂದನೇ ಹೆಡ್ಡಿನ ಕಪ್ ಒಂದು ಬದಿ ಕಾಗದದಷ್ಟು ತೆಳುವಾಗಿ ಅಂಚು ಹರಿದಿತ್ತು. ಎರಡನೇದು ಸವೆದಿದ್ದರೂ ದುಂಡಗೆ ಇತ್ತು. ಒಂದು ಬದಿಯೇ ಹೆಚ್ಚು ಸವೆದಿದ್ದರೆ ರಾಡಿನ ಬೇರಿಂಗ್ ನೋಡಲೇಬೇಕು. ರಾಡ್ ಹಿಡಿದು ಅಡ್ಡಲಾಗಿ ಅಲ್ಲಾಡಿಸಿದಾಗ ಕಟಕಟ ಎಂದರೆ ಕಪ್ ಬದಲಿಸಿ ಪ್ರಯೋಜನವಿಲ್ಲ, ಹೊಸ ಕಪ್ಪೂ ಹಾಗೇ ಹರಿಯುತ್ತದೆ. ಇಲ್ಲಿ ಬೇರಿಂಗ್ ಗಟ್ಟಿ ಇತ್ತು. ಒಂದನೇ ಸ್ಲೀವಿನಲ್ಲಿ ಉಗುರಿಗೆ ತಾಗುವಂಥ ಎರಡು ಗೀರುಗಳಿದ್ದವು. ಕಪ್ ಹರಿದದ್ದು ಅಲ್ಲಿಂದಲೇ.

ಕಿಟ್ಟಿನಲ್ಲಿ ಬರುವುದು 2 ಕಪ್, 2 ಸ್ಲೀವ್, ರೀಡುಗಳು, ಹೆಡ್ಡಿನ ಓ ರಿಂಗುಗಳು. ಒಂದು ಕಡೆ ಚೆನ್ನಾಗಿದೆ ಎಂದು ಬಿಡದೆ ಎರಡೂ ಕಡೆ ಹಾಕಿ. ಒಂದು ಹೊಸದು, ಒಂದು ಹಳೆಯದು ಆದರೆ ಎರಡು ಹೆಡ್ಡಿನ ಭಾರ ಸಮವಾಗದೆ ನಡುಕ ಹೆಚ್ಚುತ್ತದೆ.

ಕಪ್ ಹಾಕುವಾಗ ಅದರ ತುಟಿ ಹೆಡ್ಡಿನ ಕಡೆಗೆ ನಿಲ್ಲಬೇಕು. ತಿರುವು ಮುರುವಾದರೆ ಒತ್ತಡವೇ ಬರುವುದಿಲ್ಲ. ಹಿಡಿತದ ಪ್ಲೇಟನ್ನು ಕೂರಿಸಿ, ಸ್ಕ್ರೂವಿಗೆ ಮ್ಯಾನುವಲ್ ಹೇಳಿದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೇ ಹನಿ, ಮ್ಯಾನುವಲಿನಲ್ಲೇ ಹೇಳಿದ ಟಾರ್ಕ್ (ಬಿಗಿಯುವ ಬಲ). ಇಲ್ಲಿ ಅಂದಾಜು ಕೆಲಸಕ್ಕೆ ಬಾರದು. ಸಡಿಲವಾದರೆ ಸ್ಕ್ರೂ ಬಿಚ್ಚಿ ವಾಲ್ವ್ ಪ್ಲೇಟಿಗೆ ಹೊಡೆಯುತ್ತದೆ, ಹೆಚ್ಚು ಬಿಗಿದರೆ ಕಪ್ ಹಿಸುಕಿ ತುಟಿ ಸುರುಳುತ್ತದೆ. ಸ್ಲೀವನ್ನು ಮೇಲಿನಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಇಳಿಸಿ, ತುಟಿ ಸುತ್ತಲೂ ಒಂದೇ ಸಮ ಎದ್ದಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಹೆಡ್ ಮುಚ್ಚುವ ಮೊದಲು ಫ್ಯಾನ್ ಹಿಡಿದು ಶಾಫ್ಟನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ. ಎಲ್ಲಾದರೂ ಹಿಡಿದಂತಾದರೆ ಮತ್ತೆ ಬಿಚ್ಚಿ.

ಹೊಸ ಕಪ್ಪುಗಳೊಂದಿಗೆ 20 ಪಿಎಸ್‌ಐ ಎದುರು 63 ಲೀಟರ್. ಯಂತ್ರಕ್ಕೆ ಜೋಡಿಸುವ ಮೊದಲು ಕೂಲಿಂಗ್ ಕಾಯಿಲನ್ನು ಬೇರೆ ಮಾಡಿ, ರೆಗ್ಯುಲೇಟರ್ ಇರುವ ನೈಟ್ರೋಜನ್ ಸಿಲಿಂಡರಿನಿಂದ ಹಿಮ್ಮುಖವಾಗಿ ಊದಿ. ಒಳಗಿಂದ ಇನ್ನಷ್ಟು ಕರಿ ಪುಡಿ ಬಂತು. ವರ್ಕ್‌ಶಾಪಿನ ಗಾಳಿ ಕಂಪ್ರೆಸರಿನಿಂದ ಊದಬೇಡಿ, ಅದರ ಗಾಳಿಯಲ್ಲಿ ಎಣ್ಣೆ, ನೀರು ಎರಡೂ ಇರುತ್ತವೆ.

ಫಲಿತಾಂಶ: 87.3. ಹಳದಿ ದೀಪ ಆರಿತು.

ದೀಪ ಆರಿದ ಈ ಘಟ್ಟದಲ್ಲೇ ಕವರ್ ಮುಚ್ಚಿ ಕಳಿಸಿಬಿಡುವವರು ಬಹಳ. ಮುಚ್ಚಬಾರದು. ಅಲಾರಂ ಹೊಡೆಯುವ ಮಿತಿ ಸಾಮಾನ್ಯವಾಗಿ 82ರಿಂದ 85ರ ನಡುವೆ ಇರುತ್ತದೆ. 87.3 ಎಂದರೆ 85ರ ಗೆರೆಯ ಮೇಲೆ 2.3 ಅಂಕಿಯಷ್ಟೇ ಉಳಿತಾಯ. ಒಂದು ಬಿಸಿ ದಿನ, ಒಂದು ಕಟ್ಟಿದ ಫಿಲ್ಟರ್ ಸಾಕು, ರಾತ್ರಿ ಎರಡು ಗಂಟೆಗೆ ರೋಗಿಯ ಕೋಣೆಯಲ್ಲಿ ಬೀಪ್ ಕೇಳುತ್ತದೆ.

ಎಡಬಲ ಸಮ ಇಲ್ಲದ ಉಸಿರು

ಗೇಜಿನಲ್ಲಿ ಈಗ ಒಂದು ಕಡೆ 21.5, ಇನ್ನೊಂದು ಕಡೆ 18. ಕಂಪ್ರೆಸರ್ ಬಲ ಬಂದರೂ ವ್ಯತ್ಯಾಸ ಉಳಿಯಿತು. ಆಗ ಉಳಿದ ಸಂಶಯ ವಾಲ್ವ್. ವಾಲ್ವನ್ನು ಚಲಿಸುವ ಎರಡು ಸೊಲೆನಾಯ್ಡ್ (ವಿದ್ಯುತ್ಕಾಂತ) ಕಾಯಿಲುಗಳ ಪ್ರತಿರೋಧ 72 ಮತ್ತು 73 ಓಮ್, ಎರಡೂ ಒಂದೇ. ಬೋರ್ಡಿನಿಂದ ಬರುವ ವೋಲ್ಟೇಜೂ ಎರಡಕ್ಕೂ ಸಮ, ಸಮಯವೂ ಸಮ. ಅಂದರೆ ಆಜ್ಞೆ ಸರಿಯಾಗಿ ತಲುಪುತ್ತಿದೆ, ಒಳಗೆ ಸರಿದಾಡಿ ಗಾಳಿಯ ದಾರಿ ಬದಲಿಸುವ ಸ್ಪೂಲ್ ತಡವಾಗಿ ಚಲಿಸುತ್ತಿದೆ.

ಬ್ಲಾಕ್ ಬಿಚ್ಚುವ ಮೊದಲು ಬೆಡ್ಡುಗಳ ಪೋರ್ಟ್ ಮುಚ್ಚಲು ರಬ್ಬರ್ ಕ್ಯಾಪುಗಳನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಹೋಸ್ ಕಿತ್ತ ಕೂಡಲೇ ಕ್ಯಾಪ್ ಹಾಕಬೇಕು, ಆಮೇಲೆ ಅಲ್ಲ. ಜಿಯೋಲೈಟಿಗೆ ನೈಟ್ರೋಜನ್ನಿಗಿಂತ ನೀರಿನ ಆವಿ ಎಷ್ಟೋ ಪಾಲು ಪ್ರಿಯ. ಒಮ್ಮೆ ಹಿಡಿದ ನೀರನ್ನು ಅದು ಕೋಣೆಯ ಬಿಸಿಯಲ್ಲಿ ಬಿಟ್ಟುಕೊಡುವುದಿಲ್ಲ. ಊಟದ ಹೊತ್ತಿಗೆ ತೆರೆದಿಟ್ಟು ಹೋದ ಬೆಡ್ ರಿಪೇರಿಗೆ ಬಂದಾಗಿನಕ್ಕಿಂತ ಕೆಟ್ಟದಾಗಿರುತ್ತದೆ.

ಸ್ಪೂಲಿನ ಒಂದು ಬದಿಗೆ ಕರಿ ಪುಡಿ ತೇವದೊಂದಿಗೆ ಕಲೆತು ಕಾಡಿಗೆಯಂತೆ ಅಂಟಿತ್ತು. ಕಥೆ ಇಲ್ಲಿ ಪೂರ್ತಿಯಾಯಿತು. ಸ್ಲೀವಿನ ಗೀರು ಕಪ್ಪನ್ನು ಹರಿದಿದೆ, ಕಪ್ಪಿನ ಪುಡಿ ಕಾಯಿಲ್ ದಾಟಿ ವಾಲ್ವಿಗೆ ಬಂದಿದೆ, ವಾಲ್ವ್ ಒಂದು ಕಡೆ ತಡಮಾಡಿದೆ, ಆ ಕಡೆಯ ಬೆಡ್ ಪೂರ್ತಿ ತುಂಬಲೂ ಇಲ್ಲ, ಪೂರ್ತಿ ಖಾಲಿಯಾಗಲೂ ಇಲ್ಲ. ಸದ್ದಿನ ವ್ಯತ್ಯಾಸ ಕೇಳಿದ ಕೂಡಲೇ ವಾಲ್ವನ್ನೇ ಮೊದಲು ಶುಚಿ ಮಾಡಿದ್ದರೆ ಎರಡು ವಾರದಲ್ಲಿ ಮತ್ತೆ ಪುಡಿ ತುಂಬುತ್ತಿತ್ತು. ಪುಡಿಯ ಮೂಲ ಮುಚ್ಚಿದ ಮೇಲೆ ವಾಲ್ವ್ ಬಿಚ್ಚುವುದು ಅದಕ್ಕೇ.

ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಒರೆಸಿ. ಮರಳು ಕಾಗದ, ಬ್ಲೇಡ್ ತಾಗಿಸಬೇಡಿ. ಡಯಾಫ್ರಾಮ್ ಮತ್ತು ಓ ರಿಂಗ್ ಹೊಸದು. ಆಲ್ಕೋಹಾಲ್ ಪೂರ್ತಿ ಆರುವವರೆಗೆ, ಕನಿಷ್ಠ ಅರ್ಧ ಗಂಟೆ, ಜೋಡಿಸಬೇಡಿ. ಆಲ್ಕೋಹಾಲ್ ಆವಿಯೂ ಆಕ್ಸಿಜನ್ನೂ ಒಂದೇ ಕೊಳವೆಯಲ್ಲಿ ಸೇರಬಾರದು.

ಬ್ಲಾಕ್ ಒಣಗುವಷ್ಟರಲ್ಲಿ ಕ್ಯಾಪ್ ಹಾಕಿದ ಬೆಡ್ಡುಗಳನ್ನು 1 ಗ್ರಾಮ್ ನಿಖರತೆಯ ತಕ್ಕಡಿಯಲ್ಲಿ ತೂಗಿ. ನೀರು ಕುಡಿದ ಜಿಯೋಲೈಟ್ ತೂಕದಲ್ಲೇ ಸಿಕ್ಕಿಬೀಳುತ್ತದೆ. ಇಲ್ಲಿ ಎರಡರ ನಡುವೆ 9 ಗ್ರಾಮ್ ವ್ಯತ್ಯಾಸ, ಹೊಸ ಬೆಡ್ಡಿನ ತೂಕಕ್ಕೂ ಹತ್ತಿರ. ಅಲ್ಲಾಡಿಸಿದರೆ ಒಳಗೆ ಸರಸರ ಸದ್ದಿಲ್ಲ, ಪೋರ್ಟಿನಲ್ಲಿ ಬಿಳಿ ಪುಡಿ ಇಲ್ಲ. ಬೆಡ್ ಹಾಗೇ ಉಳಿಯುತ್ತದೆ.

ಉಳಿಯದಿದ್ದರೆ? ಮ್ಯಾನುವಲಿನ ಪಾರ್ಟ್ ನಂಬರಿನ ಬೆಡ್ಡನ್ನೇ, ಜೋಡಿಯಾಗಿ ಬದಲಿಸಿ. ಹಳೆಯ ಜಿಯೋಲೈಟನ್ನು ಓವನ್ನಿನಲ್ಲಿ ಒಣಗಿಸಿ ಮತ್ತೆ ತುಂಬುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅದಕ್ಕೆ 300 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಶಾಖ ಮತ್ತು ಒಣ ಅನಿಲದ ಹರಿವು ಎರಡೂ ಬೇಕು. ತಣಿಯುವಾಗ ಕೋಣೆಯ ಗಾಳಿ ತಾಗಿದರೆ ಮತ್ತೆ ಅದೇ ನೀರು ಒಳಗೆ. ಮಣಿಗಳನ್ನು ಒತ್ತಾಗಿ ತುಂಬದಿದ್ದರೆ ಪುಡಿಯಾಗಿ ಸೀದಾ ರೋಗಿಯ ಕಡೆಗೇ ಹೊರಡುತ್ತವೆ. ಉಸಿರಾಡುವವರ ಮೇಲೆ ಇಂಥ ಪ್ರಯೋಗ ಬೇಡ.

ಕೊನೆಯ ಅಳತೆ

ಎಲ್ಲ ಜೋಡಿಸಿ, ಮತ್ತೊಮ್ಮೆ ನೊರೆ ಹಚ್ಚಿ ನೋಡಿ, 5 ಲೀಟರಿನಲ್ಲಿ 24 ಗಂಟೆ ಎಡೆಬಿಡದೆ ಓಡಿಸಿದ ನಂತರ:

1 ಲೀಟರ್: 95.0
2 ಲೀಟರ್: 94.8
3 ಲೀಟರ್: 94.4
4 ಲೀಟರ್: 93.6
5 ಲೀಟರ್: 92.4

ಟ್ಯಾಂಕ್ ಒತ್ತಡ ಎರಡೂ ಕಡೆ 21. ಮಫ್ಲರಿನ ಹತ್ತು ಉಸಿರೂ ಒಂದೇ ಅಳತೆ.

ಅಲಾರಂ ಪರೀಕ್ಷೆ ಬಿಡಬಾರದು. ಸ್ವಿಚ್ ಆನ್ ಇರುವಾಗಲೇ ಪ್ಲಗ್ ಕಿತ್ತರೆ ವಿದ್ಯುತ್ ಹೋದ ಅಲಾರಂ ಕೂಗಬೇಕು. ಔಟ್‌ಲೆಟ್ಟನ್ನು ಬೆರಳಿನಿಂದ ಮುಚ್ಚಿದರೆ ಹರಿವು ತಡೆದ ಸೂಚನೆ ಬರಬೇಕು. ಪ್ರಾಡಕ್ಟ್ ಟ್ಯಾಂಕಿನ ಟೆಸ್ಟ್ ಪೋರ್ಟನ್ನು ಸ್ವಲ್ಪ ಸಡಿಲಿಸಿ ಬೇಕೆಂದೇ ಶುದ್ಧತೆ ಇಳಿಸಿ, ಹಳದಿ ದೀಪ ಯಾವ ಅಂಕಿಗೆ ಹತ್ತುತ್ತದೆ ಎಂದು ಹೊರಗಿನ ಅನಲೈಜರಿನೊಂದಿಗೆ ತಾಳೆ ನೋಡಿ. ಇಲ್ಲಿ 84ಕ್ಕೆ ಹತ್ತಿತು, ಮ್ಯಾನುವಲಿನ ಮಿತಿಯೊಳಗೇ ಇದೆ.

ವಿದ್ಯುತ್ ಸುರಕ್ಷತೆಗೆ ಐಇಸಿ 62353 (ವೈದ್ಯಕೀಯ ಯಂತ್ರಗಳ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಪರೀಕ್ಷೆ. ಈ ಯಂತ್ರ ಕ್ಲಾಸ್ 2, ಅಂದರೆ ಅರ್ತ್ ಪಿನ್ ಮೇಲೆ ಅವಲಂಬಿಸದ ದುಪ್ಪಟ್ಟು ಇನ್ಸುಲೇಷನ್. 500 ವೋಲ್ಟ್ ಡಿಸಿಯಲ್ಲಿ ಇನ್ಸುಲೇಷನ್ ಕನಿಷ್ಠ 7 ಮೆಗಾ ಓಮ್ ಬೇಕು. ಬಂದದ್ದು 100ಕ್ಕೂ ಮೇಲೆ. ನೇರ ವಿಧಾನದಲ್ಲಿ ಸೋರುವ ಕರೆಂಟ್ 100 ಮೈಕ್ರೋಆಂಪ್ ಮೀರಬಾರದು, ಬಂದದ್ದು 38. ಕ್ಲಾಸ್ 1 ಯಂತ್ರವಾದರೆ ಮಿತಿ 500, ಜೊತೆಗೆ ಪವರ್ ಕಾರ್ಡ್ ಸೇರಿ ಅರ್ತ್ ಪ್ರತಿರೋಧ 0.3 ಓಮ್ ಒಳಗೆ ಇರಬೇಕು.

ದಾಖಲೆಯಲ್ಲಿ ಬರೆಯಬೇಕಾದದ್ದು: ಗಂಟೆ ಮೀಟರ್, ಮೊದಲಿನ ಮತ್ತು ಕೊನೆಯ ಐದು ಸಾಲು ಪೂರ್ತಿ, ಕೆಪಾಸಿಟರಿನ ಹಳೆಯ ಮೌಲ್ಯ, ಬೆಡ್ಡುಗಳ ತೂಕ ಗ್ರಾಮಿನಲ್ಲಿ, ಹಾಕಿದ ಭಾಗಗಳ ಪಾರ್ಟ್ ನಂಬರ್. ಮುಂದಿನ ಸಲ ಈ ಯಂತ್ರ ಬಂದಾಗ ಬೆಡ್ ನೀರು ಕುಡಿದಿದೆಯೇ ಎಂದು ಹೇಳುವುದು ಇವತ್ತಿನ ತೂಕವೇ. ಬಳಸುವವರಿಗೆ ಹೊರಗಿನ ಫಿಲ್ಟರ್ ವಾರಕ್ಕೊಮ್ಮೆ ತೊಳೆಯಲು, ಗೋಡೆ ಪರದೆಗಳಿಂದ ಯಂತ್ರವನ್ನು ಒಂದಡಿಯಾದರೂ ದೂರ ಇಡಲು, ವೈದ್ಯರು ಹೇಳಿದ ಹರಿವನ್ನು ತಾವಾಗಿ ಬದಲಿಸದಿರಲು ತಿಳಿಸಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಒಣ ಜಾಗದಲ್ಲಿಟ್ಟು, ಆಗಾಗ ಕೆಲವು ಗಂಟೆ ಓಡಿಸಲು ಹೇಳಿ. ಸುಮ್ಮನೆ ಮೂಲೆಯಲ್ಲಿಟ್ಟ ಯಂತ್ರದ ಬೆಡ್ ಓಡುವ ಯಂತ್ರದ ಬೆಡ್ಡಿಗಿಂತ ಬೇಗ ತೇವ ಹಿಡಿಯುತ್ತದೆ.

100 ಗಂಟೆ ಓಡಿದ ಮೇಲೆ ಮಫ್ಲರನ್ನು ಇನ್ನೊಮ್ಮೆ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತಟ್ಟಿ. ತೆಳುವಾಗಿ ಬೂದು ಬಣ್ಣ ತಾಗಿದರೆ ಹೊಸ ಕಪ್ ಸ್ಲೀವಿಗೆ ಹೊಂದಿಕೊಳ್ಳುತ್ತಿದೆ, ಅಷ್ಟೆ. ಮತ್ತೆ ಕರಿ ಪುಡಿ ಉದುರಿದರೆ ಒಂದನೇ ಹೆಡ್ಡಿನ ಸ್ಲೀವ್ ನೇರ ಕೂತಿಲ್ಲ. ವಾಲ್ವಿಗೆ ತಲುಪುವ ಮೊದಲೇ ಹೆಡ್ ಬಿಚ್ಚಿ.